ಡಿಜಿಟಲ್ ಸ್ಕ್ಯಾನ್, ಜಿರ್ಕೋನಿಯಾ ಕ್ಯಾಪ್, 15 ವರ್ಷ ವಾರಂಟಿ: ಹುಬ್ಬಳ್ಳಿ ಮಂದಿ ಸ್ವಲ್ಪ ನೋಡಿಕೊಂಡು ಹೋಗ್ರಿ

ಹುಬ್ಬಳ್ಳಿ-ಧಾರವಾಡದಲ್ಲಿ ಹಲ್ಲಿಗೆ ಕ್ಯಾಪ್ ಹಾಕಿಸಬೇಕು ಅಂತಿರುವವರು ಇದನ್ನೊಮ್ಮೆ ಓದಿಬಿಡಿ. ವಿದ್ಯಾನಗರ, ಕೇಶ್ವಾಪುರ, ಗೋಕುಲ ರಸ್ತೆ, ಆ ಕಡೆ ಧಾರವಾಡ, ಎಲ್ಲಿ ಹೋದರೂ ಈಗ 'ಡಿಜಿಟಲ್ ಡೆಂಟಿಸ್ಟ್ರಿ' ಬೋರ್ಡು. ಯಂತ್ರದ ಮೇಲೆ ನನಗೇನೂ ಸಿಟ್ಟಿಲ್ಲ. ಯಂತ್ರ ತಂದಿದ್ದೇವೆ ಅಂತ ಕೈ ಕೆಲಸ ಬಿಟ್ಟುಬಿಟ್ಟವರ ಮೇಲೆ ಸಿಟ್ಟಿದೆ. ದೂರು ಕೊಡುವ ತಯಾರಿಯಲ್ಲಿ ಇರೋದರಿಂದ ಕ್ಲಿನಿಕ್ ಹೆಸರು ಬರೆಯುವುದಿಲ್ಲ.

ಎಡಗಡೆ ಕೆಳಗಿನ ದವಡೆ ಹಲ್ಲು. ರೂಟ್ ಕೆನಾಲ್ ನಮ್ಮ ಹಳೇ ಡಾಕ್ಟರ್ ಮಾಡಿದ್ದರು, ಅದರಲ್ಲಿ ಏನೂ ಕೊರತೆ ಇರಲಿಲ್ಲ. ಅವರು ಕ್ಲಿನಿಕ್ ಮುಚ್ಚಿ ಮಗನ ಹತ್ತಿರ ಪುಣೆಗೆ ಹೋದರು. ರೂಟ್ ಕೆನಾಲ್ ಆದ ದವಡೆ ಹಲ್ಲನ್ನು ಹಾಗೇ ಬಿಟ್ಟರೆ ಸೀಳಬಹುದು, ಅದರಲ್ಲೂ ಕಡಕ್ ರೊಟ್ಟಿ, ಶೇಂಗಾ, ಅಡಿಕೆ ತಿನ್ನುವ ನಮ್ಮ ಕಡೆ ಬಾಯಿ. ಹಾಗಾಗಿ ಕ್ಯಾಪ್‌ಗೆ ಹೊಸ ಕ್ಲಿನಿಕ್ ಹುಡುಕಬೇಕಾಯಿತು. ಸಿಕ್ಕಿದ್ದು ಗಾಜಿನ ಬಾಗಿಲು, ಎಸಿ, ಗೋಡೆಗೆ ದೊಡ್ಡ ಟಿವಿ ಇದ್ದ ಜಾಗ. ಒಳಗೆ ಲೋಹ, ಮೇಲೆ ಪಿಂಗಾಣಿ ಇರುವ ಮೆಟಲ್ ಸೆರಾಮಿಕ್ ಕ್ಯಾಪ್‌ಗೆ 3,500, ಲೋಹ ಇಲ್ಲದ ಗಟ್ಟಿ ಬಿಳಿ ಸೆರಾಮಿಕ್ ಆದ ಜಿರ್ಕೋನಿಯಾಕ್ಕೆ 9,000 ಅಂದರು. ಅದಕ್ಕೆ 15 ವರ್ಷದ ವಾರಂಟಿ ಕಾರ್ಡು ಬೇರೆ. ಜಿರ್ಕೋನಿಯಾಕ್ಕೇ ಒಪ್ಪಿದೆ.

"ಅಚ್ಚು ಗಿಚ್ಚು ಏನೂ ಇಲ್ರಿ ಸರ್. ಕ್ಯಾಮೆರಾದಾಗ ಅಳತಿ ತಗೊಂಡ್ರ ಮುಗೀತು" ಅಂದಳು ಕೌಂಟರಿನ ಹುಡುಗಿ. ಕೇಳಿ ಖುಷಿಯೇ ಆಯಿತು. ಬಾಯಿ ತುಂಬ ಆ ಗುಲಾಬಿ ಬಣ್ಣದ ಪೇಸ್ಟು ತುಂಬಿಸಿಕೊಂಡು ವಾಂತಿ ತಡೆದು ಕೂತವರಿಗೆ ಗೊತ್ತು ಆ ಕಷ್ಟ.

ಡಾಕ್ಟರ್ ಹಲ್ಲು ಕೊರೆದರು. ಹಿಂದಿನ ಬದಿ ವಸಡಿಗೆ ಬರ್ (ಹಲ್ಲು ಕೊರೆಯುವ ಮೊನೆ) ತಾಗಿ ರಕ್ತ ಬಂತು. ಅವರು ಪಕ್ಕದ ಕುರ್ಚಿಗೆ ಹೋದರು, ಸ್ಕ್ಯಾನ್ ಮಾಡೋಕೆ ಅಸಿಸ್ಟೆಂಟ್ ಬಂದ. ಹತ್ತಿ ಒತ್ತೋದು, ತೆಗೆಯೋದು, ಸ್ಕ್ಯಾನರ್ ಓಡಿಸೋದು. ಮತ್ತೆ ರಕ್ತ ಜಿನುಗೋದು, ಮತ್ತೆ ಹತ್ತಿ. ಎದುರಿನ ಟಿವಿಯಲ್ಲಿ ನನ್ನ ಹಲ್ಲು ಬಣ್ಣಬಣ್ಣವಾಗಿ ಮೂಡುತ್ತಿತ್ತು. ಮುಂದಿನ ಬದಿ ಗೆರೆ ಹೊಡೆದ ಹಾಗೆ ಸ್ಪಷ್ಟ. ಹಿಂದಿನ ಬದಿ ಹಲ್ಲು ಎಲ್ಲಿ ಮುಗಿಯಿತು, ವಸಡು ಎಲ್ಲಿ ಶುರುವಾಯಿತು ಗೊತ್ತಾಗದ ಹಾಗೆ ಎಲ್ಲ ಕಲಸಿಹೋಗಿತ್ತು. ಅದನ್ನೇ ಬೆರಳು ಮಾಡಿ ತೋರಿಸಿದೆ.

"ಅದನ್ನ ಸಾಫ್ಟ್‌ವೇರ್ ಸರಿ ಮಾಡ್ಕೊಂತೈತ್ರಿ" ಅಂದ.

ಈ ಮಾತು ಯಾರಾದರೂ ನಿಮ್ಮ ಮುಂದೆ ಆಡಿದರೆ ಕುರ್ಚಿಯಿಂದ ಏಳಬೇಡಿ, ಆದರೆ ಸ್ಕ್ಯಾನ್ ಅಲ್ಲಿಗೇ ನಿಲ್ಲಿಸಿ ಅನ್ನಿ. ಸ್ಕ್ಯಾನರ್ ಅಂದರೆ ಕೊನೆಗೂ ಕ್ಯಾಮೆರಾ. ಕಂಡಿದ್ದನ್ನು ಮಾತ್ರ ಅಳೆಯುತ್ತದೆ. ರಕ್ತ, ಎಂಜಲು, ಮೇಲೆ ಬಿದ್ದ ವಸಡು, ಇವುಗಳ ಹಿಂದೆ ಏನಿದೆ ಅಂತ ಅದಕ್ಕೆ ಗೊತ್ತಾಗೋದಿಲ್ಲ. ಕಾಣದ ಜಾಗವನ್ನು ಸಾಫ್ಟ್‌ವೇರ್ ಅಕ್ಕಪಕ್ಕ ನೋಡಿ ಅಂದಾಜಿನಲ್ಲಿ ತುಂಬುತ್ತದೆ, ಇಲ್ಲವೇ ಲ್ಯಾಬಿನಲ್ಲಿ ಕೂತವರು ಅಂದಾಜಿನಲ್ಲಿ ಗೆರೆ ಎಳೆಯುತ್ತಾರೆ. ಆ ಗೆರೆಗೆ ಮಾರ್ಜಿನ್ ಅಂತಾರೆ, ಕ್ಯಾಪಿನ ಅಂಚು ಹಲ್ಲಿನ ಮೇಲೆ ಕೂರುವ ಜಾಗ. ಇಡೀ ಕ್ಯಾಪಿನ ಹಣೆಬರಹ ಅಲ್ಲೇ ಇರೋದು.

ರಕ್ತ ಬಂದರೆ ಮಾಡಬೇಕಾದ ಕೆಲಸ ಹಳೇ ಕಾಲದಿಂದ ಗೊತ್ತಿರುವಂಥದ್ದೇ. ರಕ್ತ ನಿಲ್ಲಿಸುವ ಔಷಧಿ ಹಾಕಿದ ಸಣ್ಣ ದಾರವನ್ನು ವಸಡಿನ ಸಂದಿಯಲ್ಲಿ ತುರುಕಿ ಕೆಲವು ನಿಮಿಷ ಕಾಯಬೇಕು. ವಸಡು ಸರಿಯುತ್ತದೆ, ಅಂಚು ಒಣಗಿ ಕಾಣುತ್ತದೆ. ಆಗ ಸ್ಕ್ಯಾನ್. ಆಗಲೂ ರಕ್ತ ನಿಲ್ಲದಿದ್ದರೆ ತಾತ್ಕಾಲಿಕ ಕ್ಯಾಪ್ ಹಾಕಿ ಕಳಿಸಿ, ವಸಡು ಮಾಗಿದ ಮೇಲೆ ಕರೆಯಬೇಕು. ನನ್ನ ಬಾಯಲ್ಲಿ ದಾರವೂ ಇಲ್ಲ, ಕಾಯುವುದೂ ಇಲ್ಲ.

ಅಂದಹಾಗೆ ಇದನ್ನೆಲ್ಲ 'ಲೇಟೆಸ್ಟ್ ಟೆಕ್ನಾಲಜಿ' ಅಂತ ಮಾರ್ತಾರೆ. ಬಾಯಲ್ಲೇ ಕ್ಯಾಮೆರಾ ಇಟ್ಟು ಅಳತೆ ತಗೊಂಡು ಯಂತ್ರದಲ್ಲಿ ಹಲ್ಲಿಗೆ ಹೊಂದುವ ಸೆರಾಮಿಕ್ ತುಂಡು ಕೊರೆದು ಕೂರಿಸೋದು ಜ್ಯೂರಿಕ್‌ನಲ್ಲಿ 1985ರಲ್ಲೇ ಆಗಿದೆ. ಮೋರ್ಮನ್ ಅನ್ನೋ ದಂತವೈದ್ಯರು, ಬ್ರಾಂಡೆಸ್ಟಿನಿ ಅನ್ನೋ ಎಂಜಿನಿಯರ್ ಸೇರಿ ಮಾಡಿದ್ದು. ಹೆಸರು ಸೆರೆಕ್. 40 ವರ್ಷದಲ್ಲಿ ಯಂತ್ರ ಬಹಳ ಸುಧಾರಿಸಿದೆ. ರಕ್ತದ ಆಚೆ ನೋಡುವುದನ್ನು ಮಾತ್ರ ಇನ್ನೂ ಕಲಿತಿಲ್ಲ.

ಮುಂದಿನ ಕೆಲಸ ಲ್ಯಾಬಿನದು. ಫೈಲ್ ಹೋಗುತ್ತದೆ, ಕಂಪ್ಯೂಟರಿನಲ್ಲಿ ಕ್ಯಾಪ್ ಡಿಸೈನ್ ಆಗುತ್ತದೆ. ಜಿರ್ಕೋನಿಯಾ ಬರೋದು ಸೀಮೆಸುಣ್ಣದಂಥ ಬಿಳಿ ಬಿಲ್ಲೆಯಾಗಿ. ಆಗ ಅದು ಮೆತ್ತಗೇ ಇರುತ್ತದೆ, ಯಂತ್ರ ಸಲೀಸಾಗಿ ಕೊರೆಯುತ್ತದೆ. ಆದರೆ ಬೇಕಾದ ಅಳತೆಗಿಂತ ದೊಡ್ಡದಾಗಿ ಕೊರೆಯಬೇಕು. ಸುಮಾರು 1,500 ಡಿಗ್ರಿ ಭಟ್ಟಿಯಲ್ಲಿ ಸುಟ್ಟಾಗ ಶೇಕಡಾ 20ರಿಂದ 25ರಷ್ಟು ಕುಗ್ಗಿ ಗಟ್ಟಿಯಾಗುತ್ತದೆ. ಎಷ್ಟು ಕುಗ್ಗುತ್ತದೆ ಅಂತ ಲೆಕ್ಕ ಹಾಕಿಯೇ ಕೊರೆಯೋದು. ಇಷ್ಟು ನಾಜೂಕಿನ ಕೆಲಸ. ಆದರೆ ಮೂಲ ಅಳತೆಯೇ ತಪ್ಪಿದ್ದರೆ ಯಂತ್ರ ಆ ತಪ್ಪನ್ನೂ ಅಷ್ಟೇ ನಾಜೂಕಾಗಿ ಮಾಡಿಕೊಡುತ್ತದೆ ನೋಡಿ.

ಕ್ಯಾಪ್ ಬಂತು. ಕೂರಿಸಿ, ಸಿಮೆಂಟ್ ಹಾಕಿ ಅಂಟಿಸಿದರು. ಅಂಟಿಸೋಕೆ ಮುಂಚೆ ಎಕ್ಸ್‌ರೇ ಇಲ್ಲ, ಹಲ್ಲುಗಳ ಸಂದಿಯಲ್ಲಿ ಫ್ಲಾಸ್ ದಾರ ಎಳೆದು ನೋಡಿದ್ದೂ ಇಲ್ಲ. ಬಾಯಿ ಮುಚ್ಚಿದರೆ ಆ ಒಂದು ಹಲ್ಲೇ ಮೊದಲು ತಾಗುತ್ತಿತ್ತು. ನೀಲಿ ಕಾಗದ ಕಚ್ಚಿಸಿ, ಕಲೆ ಬಿದ್ದಲ್ಲಿ ಬರ್ ಹಿಡಿದು ಉಜ್ಜಿದರು. ಮತ್ತೆ ಕಚ್ಚಿಸಿದರು, ಮತ್ತೆ ಉಜ್ಜಿದರು. ಕೊನೆಗೆ "ಎರಡ ದಿನದಾಗ ಹೊಂದಿಕೊಂತೈತಿ" ಅಂದು ಎಬ್ಬಿಸಿದರು. ನಾಲಿಗೆ ಆಡಿಸಿದರೆ ಕ್ಯಾಪಿನ ಮೇಲ್ಭಾಗ ತರಿತರಿ.

ಆ ತರಿ ಸಣ್ಣ ವಿಷಯ ಅಲ್ಲ. ಚೆನ್ನಾಗಿ ಪಾಲಿಶ್ ಆದ ಜಿರ್ಕೋನಿಯಾ ಎದುರಿನ ಹಲ್ಲಿಗೆ ಅಷ್ಟೇನೂ ತೊಂದರೆ ಕೊಡೋದಿಲ್ಲ. ಉಜ್ಜಿ ಒರಟಾಗಿ ಬಿಟ್ಟರೆ ಎದುರಿನ ಹಲ್ಲನ್ನು ತೇಯುತ್ತದೆ. ಉಜ್ಜಿದ ಮೇಲೆ ವಜ್ರದ ಪುಡಿ ಸೇರಿಸಿದ ರಬ್ಬರ್ ಚಕ್ರಗಳಿಂದ ಹಂತಹಂತವಾಗಿ ಪಾಲಿಶ್ ಮಾಡಲೇಬೇಕು. ಅದಕ್ಕೆ ಅವರಿಗೆ ಪುರುಸೊತ್ತು ಇರಲಿಲ್ಲ.

ಆಮೇಲೆ ಶುರುವಾಯಿತು. ಊಟ ಮಾಡಿದಾಗಲೆಲ್ಲ ಹಿಂದಿನ ಸಂದಿಯಲ್ಲಿ ಮೆಂತ್ಯ ಪಲ್ಲೆ ಸಿಕ್ಕಿಕೊಳ್ಳೋದು. ಫ್ಲಾಸ್ ದಾರ ಹಾಕಿದರೆ ಹರಿದು ನೂಲಾಗಿ ಬರೋದು, ಜೊತೆಗೆ ರಕ್ತ. ಒಂಥರಾ ವಾಸನೆ. ಮೇಲಿನ ಹಲ್ಲಿಗೆ ತಣ್ಣೀರು ತಾಗಿದರೆ ಜುಂ ಅನ್ನೋದು. ಕ್ಲಿನಿಕ್‌ಗೆ ಹೇಳಿದರೆ ಮೌತ್‌ವಾಶ್ ಬರೆದುಕೊಟ್ಟರು. ಇನ್ನೊಮ್ಮೆ ಹೇಳಿದಾಗ ಟೂತ್‌ಪೇಸ್ಟ್ ಬದಲಿಸಿ ಅಂದರು. ಎಕ್ಸ್‌ರೇ ಮಾತ್ರ ಯಾರೂ ತೆಗೆಯಲಿಲ್ಲ.

ಕೊನೆಗೆ ಕ್ಯಾಪ್, ಬ್ರಿಜ್ (ಇಲ್ಲದ ಹಲ್ಲಿನ ಜಾಗಕ್ಕೆ ಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರಿಸುವ ಕಟ್ಟು ಹಲ್ಲು) ಕೆಲಸದಲ್ಲೇ ಎಂಡಿಎಸ್ ಅನ್ನೋ ಸ್ನಾತಕೋತ್ತರ ಪದವಿ ಮಾಡಿದ ಬೇರೊಬ್ಬ ಡಾಕ್ಟರ್ ಹತ್ತಿರ ಹೋದೆ. ಅವರು ಮೊದಲು ಮಾಡಿದ್ದೇ ಒಂದು ಚಿಕ್ಕ ಎಕ್ಸ್‌ರೇ. ಕಂಪ್ಯೂಟರ್ ನನ್ನ ಕಡೆ ತಿರುಗಿಸಿ "ಇಲ್ಲಿ ನೋಡ್ರಿ" ಅಂದರು. ಕ್ಯಾಪ್ ಅಚ್ಚ ಬಿಳಿಯಾಗಿ ಕಾಣುತ್ತಿತ್ತು. ಮುಂದಿನ ಬದಿ ಅದರ ಅಂಚು ಹಲ್ಲಿಗೆ ಕೂಡಿಕೊಂಡಿತ್ತು. ಹಿಂದಿನ ಬದಿ, ಟಿವಿಯಲ್ಲಿ ಕಲಸಿಹೋಗಿದ್ದ ಅದೇ ಜಾಗದಲ್ಲಿ, ಅಂಚು ಮೆಟ್ಟಿಲಿನಂತೆ ಹೊರಗೆ ಚಾಚಿತ್ತು. ಕೆಳಗೆ ಕಪ್ಪು ಸಂದಿ. ಸಂದಿಯ ಒಳಗೆ ಹಲ್ಲಿನಲ್ಲಿ ಮಸುಕು ನೆರಳು. ಅದು ಹುಳುಕು. ಚೂಪು ತಂತಿ ಹಾಕಿ ಎಳೆದರೆ ಟಕ್ ಅಂತ ಸಿಕ್ಕಿಕೊಳ್ಳುತ್ತಿತ್ತು, ನನ್ನ ಕಿವಿಗೇ ಕೇಳಿಸಿತು.

ಕ್ಯಾಪಿಗೂ ಹಲ್ಲಿಗೂ ನಡುವೆ ಎಷ್ಟು ಸಂದಿ ಇದ್ದರೆ ನಡೆಯುತ್ತದೆ ಅಂತ ಕೇಳಿದೆ. ಸಂದಿ ಪೂರ್ತಿ ಇಲ್ಲದ ಕ್ಯಾಪ್ ಇರೋದೇ ಇಲ್ಲವಂತೆ. 1971ರಲ್ಲಿ ಮೆಕ್‌ಲೀನ್, ಫಾನ್ ಫ್ರಾನ್‌ಹೋಫರ್ ಅನ್ನೋ ಸಂಶೋಧಕರು ಹೇಳಿದ 120 ಮೈಕ್ರಾನ್ ಲೆಕ್ಕವನ್ನೇ ಈಗಲೂ ಹೆಚ್ಚಿನವರು ಹಿಡಿಯುತ್ತಾರೆ. ಅಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗಕ್ಕಿಂತಲೂ ಕಡಿಮೆ. ನನ್ನದು ಎಕ್ಸ್‌ರೇಯಲ್ಲಿ ಬರಿಗಣ್ಣಿಗೇ ಕಾಣುತ್ತಿತ್ತು.

ತೆಗೆಯೋದು ಹಾಕಿದಷ್ಟು ಸುಲಭ ಇರಲಿಲ್ಲ. ಜಿರ್ಕೋನಿಯಾ ಅಷ್ಟು ಗಟ್ಟಿ. ವಜ್ರದ ಬರ್ ಸವೆದಂತೆ ಇನ್ನೊಂದು ಹಾಕುತ್ತಾ, ನೀರು ಬಿಡುತ್ತಾ, ನಡುವೆ ಸೀಳಿ ಎರಡು ತುಂಡು ಮಾಡಿ ತೆಗೆದರು. ಹುಳುಕು ಕೆರೆದು, ಹಲ್ಲು ಕಟ್ಟಿ, ತಾತ್ಕಾಲಿಕ ಕ್ಯಾಪ್ ಹಾಕಿ ವಸಡು ವಾಸಿಯಾಗಲು ಬಿಟ್ಟರು. ಹಲ್ಲು ಉಳಿಯಿತು. ಇವರ ಹತ್ತಿರವೂ ಸ್ಕ್ಯಾನರೇ ಇರೋದು. ಆದರೆ ದಾರ ಹಾಕಿ, ಕಾದು, ಡಾಕ್ಟರೇ ಕೂತು ಸ್ಕ್ಯಾನ್ ಮಾಡಿ, ಅಂಚಿನ ಸುತ್ತ ಗೆರೆ ದೊಡ್ಡದು ಮಾಡಿ ತೋರಿಸಿದರು. ಹೊಸ ಕ್ಯಾಪ್ ಬಂದಾಗ ಸಿಮೆಂಟ್ ಹಾಕುವ ಮೊದಲೇ ಎಕ್ಸ್‌ರೇ ತೆಗೆದರು. ನೀಲಿ ಕಾಗದ ಕಚ್ಚಿಸಿದಾಗ ಉಜ್ಜಬೇಕಾಗಿದ್ದು ತೀರಾ ಸ್ವಲ್ಪ, ಅದನ್ನೂ ಪಾಲಿಶ್ ಮಾಡಿಯೇ ಬಿಟ್ಟರು.

ಈಗ ವಾರಂಟಿ ಕಾರ್ಡಿನ ಕಥೆ ಕೇಳಿ. ಎಟಿಎಂ ಕಾರ್ಡಿನಷ್ಟು ಗಟ್ಟಿ, ಮಿರಿಮಿರಿ ಮಿಂಚುವ ಕಾರ್ಡು. ನನ್ನ ಹೆಸರನ್ನು ಪೆನ್ನಿನಲ್ಲಿ ಬರೆದಿದ್ದರು. ಹಲ್ಲಿನ ನಂಬರು 46 ಅಂತ ಅಚ್ಚಾಗಿತ್ತು. ದಂತವೈದ್ಯರ ಲೆಕ್ಕದಲ್ಲಿ ಪ್ರತಿ ಹಲ್ಲಿಗೂ ಎರಡಂಕಿ ನಂಬರು ಇರುತ್ತದೆ. ಕೆಳಗಿನ ಎಡಗಡೆ ಮೊದಲನೇ ದವಡೆ ಹಲ್ಲು 36, ಬಲಗಡೆಯದು 46. ನನ್ನದು 36. ಬರೆಯುವಾಗ ತಪ್ಪಿರಬೇಕು ಅಂದುಕೊಂಡು ಕಾರ್ಡಿನ ನಂಬರನ್ನು ಲ್ಯಾಬಿನ ವೆಬ್‌ಸೈಟಿನಲ್ಲಿ ಹಾಕಿ ನೋಡಿದೆ. ಮೂರು ಹಲ್ಲಿನ ಬ್ರಿಜ್ ಅಂತ ಬಂತು! ಲ್ಯಾಬಿಗೆ ಫೋನ್ ಮಾಡಿದರೆ ಪಾಪ ಅವರು ನಯವಾಗಿಯೇ "ಇದು ನಿಮ್ಮ ಕೇಸಿಂದಲ್ರಿ" ಅಂದರು. ಯಾರದೋ ಬ್ರಿಜ್ಜಿನ ಕಾರ್ಡಿಗೆ ನನ್ನ ಹೆಸರು ಗೀಚಿ ಕೊಟ್ಟಿದ್ದರು. ಹಾಗಾದರೆ ನನ್ನ ಕ್ಯಾಪ್ ಎಲ್ಲಿ ಆಯಿತು, ಯಾವ ಕಂಪನಿಯ ಬಿಲ್ಲೆಯಲ್ಲಿ ಆಯಿತು? ಬಿಲ್ಲಿನಲ್ಲಿ ಇದ್ದದ್ದು 'ಕ್ಯಾಪ್ - 1' ಅಷ್ಟೇ.

ಕಾರ್ಡು ಅಸಲಿ ಇದ್ದರೂ ನನಗೆ ಉಪಯೋಗ ಆಗುತ್ತಿರಲಿಲ್ಲ, ಅದು ಬೇರೆ ಮಾತು. ಹಿಂದೆ ಸಣ್ಣ ಅಕ್ಷರದಲ್ಲಿ ಇತ್ತು: ಕ್ಯಾಪ್ ಒಡೆದರೆ ಮಾತ್ರ ವಾರಂಟಿ, ಹುಳುಕಿಗಿಲ್ಲ, ಡಾಕ್ಟರ್ ಫೀಗಿಲ್ಲ. ಈ ಜಿರ್ಕೋನಿಯಾ ಒಡೆಯೋದೇ ಅಪರೂಪ. ಕೆಡೋದು ಅದರ ಕೆಳಗಿನ ಹಲ್ಲು. ಯಾವುದು ಕೆಡೋದಿಲ್ಲವೋ ಅದಕ್ಕೆ 15 ವರ್ಷ ಗ್ಯಾರಂಟಿ ಕೊಡೋಕೆ ಯಾರಿಗೆ ಕಷ್ಟ ಹೇಳಿ?

ಜಿರ್ಕೋನಿಯಾ ಅಂದರೆ ಒಂದೇ ಅಂತಲೂ ತಿಳಿಯಬೇಡಿ. ಅದರಲ್ಲಿ ಯಿಟ್ರಿಯಾ ಅನ್ನೋದು ಎಷ್ಟು ಸೇರಿಸಿದ್ದಾರೆ ಅನ್ನೋದರ ಮೇಲೆ ಜಾತಿ ಬದಲಾಗುತ್ತದೆ. 3ವೈ, ಅಂದರೆ ಯಿಟ್ರಿಯಾ ಕಡಿಮೆ ಇರೋದು, ಬಹಳ ಗಟ್ಟಿ, 1,000 ಮೆಗಾಪಾಸ್ಕಲ್ (ಗಟ್ಟಿತನ ಅಳೆಯುವ ಮಾನ) ದಾಟುತ್ತದೆ, ಆದರೆ ಸ್ವಲ್ಪ ಸುಣ್ಣ ಬಳಿದ ಹಾಗೆ ಬಿಳಿ. 5ವೈ ಹಲ್ಲಿನಂತೆ ಬೆಳಕು ಹಾಯುವಂಥದ್ದು, ನೋಡೋಕೆ ಚೆಂದ, ಗಟ್ಟಿತನ ಹೆಚ್ಚುಕಡಿಮೆ ಅರ್ಧ. ಮುಂದಿನ ಹಲ್ಲಿಗೆ ಲಿಥಿಯಂ ಡೈಸಿಲಿಕೇಟ್ ಅನ್ನೋ ಗಾಜಿನ ಜಾತಿಯದೂ ಇದೆ, ಇಮ್ಯಾಕ್ಸ್ ಅಂತ ಕೇಳಿರುತ್ತೀರಿ. ಅದು 400-500 ಮೆಗಾಪಾಸ್ಕಲ್ ಆಸುಪಾಸು. ಅಷ್ಟೇ ಏಕೆ, ಹಳೇ ಮೆಟಲ್ ಸೆರಾಮಿಕ್ ಕ್ಯಾಪ್ ಕೂಡ ಚೆನ್ನಾಗಿ ಕೂತರೆ ವರ್ಷಗಟ್ಟಲೆ ಬಾಳುತ್ತದೆ. ವಸಡಿನ ಹತ್ತಿರ ಕಪ್ಪು ಗೆರೆ ಕಾಣಬಹುದು, ಮೇಲಿನ ಪಿಂಗಾಣಿ ಚಕ್ಕೆ ಏಳಬಹುದು, ನಿಕಲ್ ಆಗಿಬರದವರಿಗೆ ಬೇಡ. ಉಳಿದಂತೆ ದವಡೆ ಹಲ್ಲಿಗೆ ಅದನ್ನೇ ಹಾಕಿಸಿದರೆ ನಾಚಿಕೆ ಪಡುವಂಥದ್ದೇನಿಲ್ಲ. ಸರಿಯಾಗಿ ಕೂರದ 9,000ದ ಕ್ಯಾಪಿಗಿಂತ ಸರಿಯಾಗಿ ಕೂತ 3,500ರದ್ದು ಎಷ್ಟೋ ವಾಸಿ.

ಹೋಗುವವರು ಇಷ್ಟು ಮಾಡಿ. ಸ್ಕ್ಯಾನ್ ಆದ ಮೇಲೆ "ಅಂಚು ಸುತ್ತ ಕಾಣಾಕತ್ತೈತೇನ್ರಿ, ತೋರಸ್ರಿ" ಅಂತ ಕೇಳಿ. ಒಳ್ಳೆ ಡಾಕ್ಟರ್ ಬೇಜಾರು ಮಾಡಿಕೊಳ್ಳೋದಿಲ್ಲ, ಖುಷಿಯಿಂದ ತಿರುಗಿಸಿ ತೋರಿಸುತ್ತಾರೆ. ಸಿಮೆಂಟ್ ಹಾಕುವ ಮೊದಲು ಎಕ್ಸ್‌ರೇ ತೆಗೆಯಿರಿ ಅನ್ನಿ, ಅಂಟಿದ ಮೇಲೆ ಕೇಳಿ ಪ್ರಯೋಜನ ಇಲ್ಲ. ಬಿಲ್ಲಿನಲ್ಲಿ ಹಲ್ಲಿನ ನಂಬರು, ವಸ್ತುವಿನ ಹೆಸರು, ಲ್ಯಾಬಿನ ಹೆಸರು ಬರೆಸಿ. ಕಾರ್ಡು ಕೊಟ್ಟರೆ ಅಲ್ಲೇ ಕೂತು ಮೊಬೈಲಿನಲ್ಲಿ ನಂಬರು ಹಾಕಿ ನೋಡಿ. ಒಂದೇ ದಿನದಲ್ಲಿ ಜಿರ್ಕೋನಿಯಾ ಅಂದರೆ ಭಟ್ಟಿ ಎಲ್ಲಿದೆ ಅಂತ ಕೇಳಿ. ಬೇಗ ಸುಡುವ ಭಟ್ಟಿಗಳಿವೆ, ಆದರೆ ಮಾಮೂಲಿ ಭಟ್ಟಿಗೆ ಗಂಟೆಗಟ್ಟಲೆ ಬೇಕು. ಅನುಮಾನ ಬಂದರೆ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜಿನಂಥ ಕಡೆ ಹೋಗಿ ಇನ್ನೊಂದು ಅಭಿಪ್ರಾಯ ಕೇಳಬಹುದು, ಕ್ಯಾಪ್-ಬ್ರಿಜ್ಜಿಗೇ ಬೇರೆ ವಿಭಾಗ ಇರುತ್ತದೆ.

ಕೆಟ್ಟ ಕ್ಯಾಪ್ ಹಾಕಿದ ಕ್ಲಿನಿಕ್‌ನವರು ಎಕ್ಸ್‌ರೇ ನೋಡಿದ ಮೇಲೆ ಅರ್ಧ ದುಡ್ಡು ವಾಪಸ್ ಕೊಡ್ತೀವಿ ಅಂದರು, ಆದರೆ ಗೂಗಲ್‌ನಲ್ಲಿ ಐದು ಸ್ಟಾರ್ ಹಾಕಬೇಕಂತೆ. ಒಪ್ಪಲಿಲ್ಲ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಲು ಎರಡು ವರ್ಷದ ಅವಧಿ ಇದೆ, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ಆನ್‌ಲೈನಿನಲ್ಲೂ ಹಾಕಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಡಾಕ್ಟರ ಮೇಲಿನ ದೂರಾದರೆ ರಾಜ್ಯ ದಂತ ವೈದ್ಯಕೀಯ ಪರಿಷತ್ತಿಗೂ ಬರೆಯಬಹುದು.

ನನಗೆ ಈಗ ಅಡ್ಡಿಯಾಗಿರೋದು ಸ್ಕ್ಯಾನ್ ಫೈಲ್. ಕೇಳಿದರೆ "ಡಿಲೀಟ್ ಆಗೈತಿ" ಅಂತಾರೆ. ಹಾಗಾಗಿ ಸ್ಕ್ಯಾನ್ ಆದ ದಿನವೇ ಎಸ್‌ಟಿಎಲ್ ಫೈಲ್ (ಹಲ್ಲಿನ ಮೂರು ಆಯಾಮದ ಅಳತೆ ಇರುವ ಫೈಲ್) ನನ್ನ ಮೇಲ್‌ಗೆ ಹಾಕಿ ಅಂತ ಹೇಳಿ, ಎಸ್‌ಟಿಎಲ್ ಅಂತಲೇ ಕೇಳಿ. ಸ್ಕ್ರೀನಿನ ಫೋಟೋ ಕೊಟ್ಟರೆ ಸಾಲದು, ಅದರಲ್ಲಿ ಯಾರೂ ಅಂಚು ಅಳೆಯೋಕೆ ಬರೋದಿಲ್ಲ. ಕೊಡೋದಿಲ್ಲ ಅಂದರೆ ಒಂದು ಅರ್ಜಿ ಬರೆದು, ಇನ್ನೊಂದು ಪ್ರತಿಯ ಮೇಲೆ ಕ್ಲಿನಿಕ್ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ.