ಗೋವಿನಜೋಳದ ಸೈನಿಕ ಹುಳುವಿಗೆ ಎಮಾಮೆಕ್ಟಿನ್: ನಮ್ಮ ಹೊಲದಲ್ಲಿ ಕಂಡಿದ್ದು

ರಾಣೆಬೆನ್ನೂರು ಕಡೆ ನಮ್ಮದು ಎರಡು ಎಕರೆ ಗೋವಿನಜೋಳ. ಈ ಮುಂಗಾರಿನಲ್ಲಿ ಬಿತ್ತಿ 18ನೇ ದಿನಕ್ಕೆ ಎಲೆಗಳ ಮೇಲೆ ತೂತು ಕಂಡವು. ಒಂದು ಸುಳಿ ಬಿಡಿಸಿ ನೋಡಿದೆ. ಒಳಗೆ ಒದ್ದೆ ಮರದ ಹೊಟ್ಟಿನಂಥ ಲದ್ದಿ, ಅದರಡಿ ಮುದುಡಿ ಕೂತ ಹುಳು. ತಲೆ ಮೇಲೆ ಇಂಗ್ಲಿಷ್ ವೈ (Y) ಅಕ್ಷರ ತಲೆಕೆಳಗಾದಂಥ ಗುರುತು, ಬಾಲದ ಹತ್ತಿರ ಚೌಕಕ್ಕೆ ಇಟ್ಟಂತೆ ನಾಲ್ಕು ಕಪ್ಪು ಚುಕ್ಕೆ. ಅನುಮಾನವೇ ಇಲ್ಲ, ಫಾಲ್ ಸೈನಿಕ ಹುಳು. 2018ರಲ್ಲಿ ದೇಶದಲ್ಲೇ ಮೊದಲು ಕಂಡಿದ್ದು ನಮ್ಮ ಶಿವಮೊಗ್ಗ ಕಡೆ.

ಔಷಧಿ ಅಂಗಡಿಯವರು "ಮೂರು ಔಷಧಿ ಬೆರೆಸಿ ಹೊಡೀರಿ ಅಕ್ಕಾ" ಅಂದರು. ನಾನು ಒಪ್ಪಲಿಲ್ಲ. ಬೆರೆಸಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗಬೇಕಲ್ವಾ? ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ (ನೀರಿನಲ್ಲಿ ಕರಗುವ ಹರಳಿನಂಥ ಕೀಟನಾಶಕ) ಒಂದನ್ನೇ ತಂದೆ. ಲೀಟರಿಗೆ 0.4 ಗ್ರಾಂ, 16 ಲೀಟರ್ ಪಂಪಿಗೆ ಆರೂವರೆ ಗ್ರಾಂ ಹತ್ತಿರ. ಮೈದುನನ ಹತ್ತಿರ ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ ಅನ್ನುವ ಇನ್ನೊಂದು ದ್ರವ ಕೀಟನಾಶಕ ಉಳಿದಿತ್ತು. ಅದನ್ನು ಲೀಟರಿಗೆ 0.4 ಎಂಎಲ್‌ನಂತೆ ನಾಲ್ಕು ಸಾಲಿಗೆ ಹೊಡೆದೆವು. ಇನ್ನು ನಾಲ್ಕು ಸಾಲು ಸುಮ್ನೆ ಬಿಟ್ಟೆ. ಅತ್ತೆಗೆ ಅದು ಸರಿ ಬರಲಿಲ್ಲ. ಆದರೆ ಹೊಡೆಯದ ಸಾಲು ಕಣ್ಣ ಮುಂದೆ ಇರದಿದ್ದರೆ ಹೊಡೆದದ್ದರ ಬೆಲೆ ತಿಳಿಯುವುದಿಲ್ಲ.

ಸಂಜೆ ಐದರ ಮೇಲೆ, ನಾಜಲ್ ಸುಳಿಯೊಳಗೆ ಹಿಡಿದು ಹೊಡೆದೆವು. ಇದೇ ಮುಖ್ಯ. ಎಲೆ ಮೇಲೆ ನೆನೆಸಿದರೆ ಏನೂ ಪ್ರಯೋಜನವಿಲ್ಲ, ಹುಳು ಇರೋದು ಒಳಗೆ.

ಹೊಡೆಯುವ ಮೊದಲು 20 ಗಿಡ ಎಣಿಸಿದ್ದೆ, 13ರಲ್ಲಿ ಹುಳು ಇತ್ತು. ಮಾರನೇ ದಿನ ಸುಳಿ ಬಿಡಿಸಿದರೆ ಹುಳುಗಳು ಸಾಯದೆ ಹಾಗೇ ಇದ್ದವು, ಗಾಬರಿಯಾಯಿತು. ಆದರೆ ಮುಟ್ಟಿದರೆ ಅಲ್ಲಾಡಲಿಲ್ಲ, ಹೊಸ ಲದ್ದಿಯೂ ಇರಲಿಲ್ಲ. ತಿನ್ನೋದು ಆಗಲೇ ನಿಂತಿತ್ತು. ನಾಲ್ಕನೇ ದಿನ ಎಮಾಮೆಕ್ಟಿನ್ ಸಾಲಿನಲ್ಲಿ ಮೂರು ಗಿಡದಲ್ಲಿ ಮಾತ್ರ ಜೀವಂತ ಹುಳು, ಬಿಟ್ಟ ಸಾಲಿನಲ್ಲಿ 15ರಲ್ಲಿ.

ಸೋತದ್ದು ಬದುವಿನ ಪಕ್ಕ. ಅಲ್ಲಿ ಹುಳು ಬೆರಳುದ್ದ ಬೆಳೆದಿತ್ತು, ಸುಳಿಗೆ ಲದ್ದಿ ಬೆಣೆ ಹೊಡೆದಂತೆ ಕೂತಿತ್ತು. ಔಷಧಿ ಒಳಗೆ ಇಳಿಯಲೇ ಇಲ್ಲ. ಅತ್ತೆ, ನಾನು ಕೈಯಿಂದಲೇ ಆರಿಸಿ ಸೋಪಿನ ನೀರಿಗೆ ಹಾಕಿದೆವು. ಇದನ್ನು ಔಷಧಿಯ ತಪ್ಪು ಅನ್ನಲಾರೆ, ನಾನು ಒಂದು ವಾರ ತಡ ಮಾಡಿದ್ದೆ.

ಇನ್ನೊಂದು ಕೊರತೆ ನಿಜವಾದದ್ದು. ಹತ್ತನೇ ದಿನಕ್ಕೆ ಎಮಾಮೆಕ್ಟಿನ್ ಸಾಲಿನಲ್ಲಿ ಮತ್ತೆ ಮರಿ ಹುಳು ಕಂಡವು, ಕ್ಲೋರಾಂಟ್ರಾನಿಲಿಪ್ರೋಲ್ ಸಾಲು ಇನ್ನೂ ಚೊಕ್ಕವಾಗಿತ್ತು. ಅದರ ಬೆಲೆ ಜಾಸ್ತಿ, ನಿಜ. ಆದರೂ ಎರಡನೇ ಸಲಕ್ಕೆ ಇಡೀ ಹೊಲಕ್ಕೆ ಅದನ್ನೇ ಹೊಡೆದೆ, ಬಿಟ್ಟ ನಾಲ್ಕು ಸಾಲನ್ನೂ ಸೇರಿಸಿ.