ಹೈಡನ್ ಪುಸ್ತಿಕೆ: ಮಕ್ಕಳ ಕೈಗೆ ಕೊಡುವ ಮುನ್ನ

ಚಿಕ್ಕಮಗಳೂರಿನ ಧರ್ಮೋಪದೇಶ ತರಗತಿಯೊಂದರಲ್ಲಿ ಓದಿಸುತ್ತಿರುವ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ರಚನಕಾರ ಯೋಸೆಫ್ ಹೈಡನ್ ಬದುಕಿನ ಈ 40 ಪುಟದ ಕನ್ನಡ ಪುಸ್ತಿಕೆ 10ರಿಂದ 13 ವಯಸ್ಸಿನವರಿಗೆ ಚೆನ್ನಾಗಿ ಹೊಂದುತ್ತದೆ.

ಬಾಲ್ಯದ ಭಾಗವೇ ಇದರ ಜೀವಾಳ. 1732ರಲ್ಲಿ ಆಸ್ಟ್ರಿಯಾದ ರೋರಾವ್ ಹಳ್ಳಿಯಲ್ಲಿ, ಗಾಡಿಚಕ್ರ ಮಾಡುವವರ ಮನೆಯಲ್ಲಿ ಹುಟ್ಟಿದ ಹುಡುಗ ವಿಯೆನ್ನಾದ ಸಂತ ಸ್ಟೀಫನರ ಪ್ರಧಾನಾಲಯದ (ದೊಡ್ಡ ಚರ್ಚಿನ) ಕ್ವಾಯರ್, ಅಂದರೆ ಗಾಯನವೃಂದ, ಸೇರಿದ. ದನಿ ಒಡೆದ ಮೇಲೆ ಹೊರಬಿದ್ದ. ಚರ್ಚಿನಲ್ಲಿ ಭಾನುವಾರದ ಬಲಿಪೂಜೆಯಲ್ಲಿ (ಮಾಸ್) ಹಾಡುವ ನಮ್ಮ ಮಕ್ಕಳಿಗೆ ಇದು ನೇರವಾಗಿ ನಾಟುತ್ತದೆ. ಹೈಡನ್ ಬರೆದ ಸಂಗೀತದ ಹಸ್ತಪ್ರತಿಯ ಪುಟವಂತೂ ಎಷ್ಟು ಚೆಂದ! ಮೇಲೆ 'ಇನ್ ನೋಮಿನೆ ದೋಮಿನಿ', ಕೊನೆಗೆ 'ಲೌಸ್ ದೇಯೊ': ಪ್ರಭುವಿನ ಹೆಸರಿನಲ್ಲಿ ಆರಂಭ, ದೇವಸ್ತುತಿಯಲ್ಲಿ ಮುಕ್ತಾಯ.

ತಪ್ಪುಗಳೂ ಇವೆ. ಹುಡುಗ ಹೈಡನ್ ಕ್ವಾಯರ್‌ನ ಜೊತೆಗಾರನ ಜಡೆ ಕತ್ತರಿಸಿದ ಕಥೆಯನ್ನು ದಂತಕಥೆ ಎನ್ನದೆ ನಿಜವೆಂದೇ ಬರೆದಿದ್ದಾರೆ. ಹೈಡನ್‌ನ 1798ರ ಕೃತಿ 'ಸೃಷ್ಟಿ'ಯನ್ನು ಬಲಿಪೂಜೆಯ ಸಂಗೀತ ಎಂದಿದ್ದಾರೆ. ಅದು ಒರಟೋರಿಯೊ, ವೇಷ-ಅಭಿನಯವಿಲ್ಲದೆ ಕಛೇರಿಯಂತೆ ಹಾಡುವ ದೀರ್ಘ ಕೃತಿ. ಓದಿಸುವವರು ಇವೆರಡನ್ನೂ ಪೆನ್ಸಿಲ್‌ನಲ್ಲಿ ತಿದ್ದಿಕೊಳ್ಳಿ.

ಸಂಗೀತ ಕೇಳಿಸದೆ ಪುಸ್ತಿಕೆ ಮುಗಿಸಬೇಡಿ. ಹೈಡನ್‌ನ 94ನೇ ಸಿಂಫನಿಯ (ವಾದ್ಯವೃಂದದ ದೀರ್ಘ ಕೃತಿ) ಎರಡನೇ ಭಾಗ ಸಾಕು. ಮೊಬೈಲ್ ಬೇಡ, ಸ್ಪೀಕರ್ ಇಡಿ. ಮೊದಲ 8 ಬಾರ್ (ತಾಳದ ಆವರ್ತದಂಥ ಅಳತೆ) ಮೆಲ್ಲಗೆ, ಮತ್ತೆ ಅದೇ ರಾಗ ಇನ್ನೂ ಮೆಲ್ಲಗೆ. ಕೇಳಿಸುತ್ತಿಲ್ಲವೆಂದು ಇಲ್ಲೇ ವಾಲ್ಯೂಮ್ ಏರಿಸಿದರೆ ಕೆಟ್ಟಿತು: 16ನೇ ಬಾರ್‌ನಲ್ಲಿ ಇಡೀ ವಾದ್ಯವೃಂದ ಒಮ್ಮೆಲೇ ಸಿಡಿದಾಗ ಸ್ಪೀಕರ್ ಒಡಕು ದನಿ ಮಾಡುತ್ತದೆ, ಮಕ್ಕಳು ಬೆಚ್ಚುವ ಸುಖವೂ ಹೋಗುತ್ತದೆ. ಮೊದಲೇ ಆ ಅಬ್ಬರಕ್ಕೆ ತಕ್ಕಂತೆ ದನಿ ಹೊಂದಿಸಿ, ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ.