ಶಿರಸಿಯ ಚಳಿಗೂ ಗಟ್ಟಿಯಾಗದ ‘ಶುದ್ಧ ಕೊಬ್ಬರಿ ಎಣ್ಣೆ’

ಹಸಿರು ಲೇಬಲ್, ಅದರ ಮೇಲೆ ಕಾಡಿನ ಚಿತ್ರ, ‘ಶುದ್ಧ ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿದ ಮಲೆನಾಡ ಗಿಡಮೂಲಿಕೆ’ ಎಂಬ ಸಾಲು. ದರ ಗಾಣದ ಎಣ್ಣೆಯ ಅರ್ಧ. ಶಿರಸಿ ಪೇಟೆಯಿಂದ ಕಾರವಾರದ ಸಂತೆಯವರೆಗೆ ಇಂಥ ಬಾಟ್ಲಿಗಳು ಧಾರಾಳ ಸಿಗುತ್ತವೆ. ಕೊಂಡು ಮೋಸಹೋದವರ ದೂರು ಒಂದೇ ಬಗೆಯದು: ಎಣ್ಣೆ ಕೂದಲಿಗೆ ಹಿಡಿಯುವುದಿಲ್ಲ, ಎರಡು ಸಲ ತೊಳೆದರೂ ಜಿಡ್ಡು ಬಿಡುವುದಿಲ್ಲ. ಡಿಸೆಂಬರ್ ಬೆಳಗ್ಗೆ ಅಡುಗೆಮನೆಯ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಕೂತಿದ್ದರೆ, ಪಕ್ಕದ ಈ ಬಾಟ್ಲಿ ಮಾತ್ರ ನೀರಿನಂತೆ ಕುಲುಕುತ್ತದೆ.

ಅದರಲ್ಲಿ ಹೆಚ್ಚಿನ ಪಾಲು ಲೈಟ್ ಲಿಕ್ವಿಡ್ ಪ್ಯಾರಾಫಿನ್, ಅಂದರೆ ಪೆಟ್ರೋಲಿಯಂನಿಂದ ತೆಗೆದ ಖನಿಜ ತೈಲ. ಕೊಬ್ಬರಿ ಎಣ್ಣೆಯ ಲಾರಿಕ್ ಆಮ್ಲ ಕೂದಲೆಳೆಯ ಒಳಗೆ ಇಳಿಯುತ್ತದೆ. ಖನಿಜ ತೈಲ ಮೇಲೆ ಪದರವಾಗಿ ನಿಲ್ಲುತ್ತದೆ. ತಲೆಗೆ ಹಚ್ಚುವ ಎಣ್ಣೆಗೆ ಅದನ್ನು ಸೇರಿಸಬಾರದು ಎಂದೇನೂ ಕಾನೂನಿಲ್ಲ. ಸೇರಿಸಿಯೂ ‘ಶುದ್ಧ’ ಎಂದು ಮಾರುವುದೇ ಮೋಸ.

ಮನೆಯಲ್ಲೇ ನೋಡಬಹುದು. ಸಣ್ಣ ಗಾಜಿನ ಲೋಟಕ್ಕೆ ನಾಲ್ಕು ಚಮಚ ಎಣ್ಣೆ ಹಾಕಿ ಫ್ರಿಜ್ಜಿನಲ್ಲಿ ಮೂರು ಗಂಟೆ ಇಡಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಹಾಗಾಗಿ ಶುದ್ಧವಾಗಿದ್ದರೆ ತಳದಿಂದ ಮೇಲಿನವರೆಗೆ ಒಂದೇ ಸಮ ಬಿಳಿಗಟ್ಟುತ್ತದೆ. ಬೆರಕೆಯಾದರೆ ಹೆಪ್ಪಿನ ಮೇಲೆ ತಿಳಿ ಎಣ್ಣೆ ನಿಂತಿರುತ್ತದೆ, ಇಲ್ಲವೇ ಇಡೀ ಲೋಟ ಮಜ್ಜಿಗೆಯಂತೆ ಮೆದುವಾಗಿ ಉಳಿಯುತ್ತದೆ. ಎಳ್ಳೆಣ್ಣೆ ಬೆರೆಸಿದ ಮೂಲಿಕೆ ಎಣ್ಣೆಯೂ ಗಟ್ಟಿಯಾಗದು, ಆದರೆ ಆ ಬೆರಕೆಯನ್ನು ಲೇಬಲಿನಲ್ಲಿ ಹೇಳಿರಬೇಕು. ತಾಳೆಬೀಜದ ಎಣ್ಣೆ ಬೆರೆಸಿದ್ದರೆ ಅದೂ ಕೊಬ್ಬರಿ ಎಣ್ಣೆಯಂತೆ ಹೆಪ್ಪುಗಟ್ಟುವುದರಿಂದ ಈ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ. ಅದಕ್ಕೆ ಲೆಕ್ಕವೇ ಮದ್ದು. 100 ಕಿಲೋ ಒಣ ಕೊಬ್ಬರಿ ಅರೆದರೆ 60 ಕಿಲೋ ಆಸುಪಾಸು ಎಣ್ಣೆ ಬರುತ್ತದೆ. ಒಂದು ಲೀಟರ್ ಎಣ್ಣೆ ತೂಗುವುದು ಸುಮಾರು 920 ಗ್ರಾಂ. ಅಂದರೆ ಲೀಟರಿಗೆ ಒಂದೂವರೆ ಕಿಲೋ ಕೊಬ್ಬರಿ ಬೇಕು. ಇವತ್ತಿನ ಕೊಬ್ಬರಿ ದರವನ್ನು ಒಂದೂವರೆಯಿಂದ ಗುಣಿಸಿ. ಹಿಂಡಿ ಮಾರಿದ ದುಡ್ಡು ಗಾಣದ ಖರ್ಚಿಗೆ ಹೋಯಿತು ಎಂದುಕೊಂಡರೂ ಅದಕ್ಕಿಂತ ತೀರಾ ಕಡಿಮೆಗೆ ಯಾರೂ ಕೊಡಲಾರರು.

‘ಸೀಗೆಕಾಯಿ ಶಾಂಪೂ’ ಕೊಳ್ಳುವಾಗ ಬಾಟ್ಲಿಯ ಹಿಂಬದಿ ಓದಿ. 1%ಗಿಂತ ಹೆಚ್ಚಿರುವ ಘಟಕಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲೇ ಬರೆಯಬೇಕು, ಕೆಳಗಿನವನ್ನು ಹೇಗೆ ಬೇಕಾದರೂ. ಇಂಥ ಬಾಟ್ಲಿಯ ಪಟ್ಟಿ ಹೀಗಿರುವುದುಂಟು: ಮೊದಲು ನೀರು, ಆಮೇಲೆ ನೊರೆ ಬರಿಸುವ ಸೋಡಿಯಂ ಲಾರೆತ್ ಸಲ್ಫೇಟ್, ಉಪ್ಪು, ಪರಿಮಳ, ಫಿನಾಕ್ಸಿಇಥನಾಲ್. ಸೀಗೆ ಅದರ ನಂತರ. ಕೆಡದಂತೆ ಹಾಕುವ ಈ ಫಿನಾಕ್ಸಿಇಥನಾಲ್ 1% ದಾಟುವುದಿಲ್ಲ. ಅದರ ಹಿಂದೆ ನಿಂತ ಸೀಗೆ 200 ಮಿಲಿ ಬಾಟ್ಲಿಯಲ್ಲಿ ಹೆಚ್ಚೆಂದರೆ 2 ಗ್ರಾಂ. ದ್ರವವಾದರೆ 60 ಮಿಲಿ, ಪುಡಿಯಾದರೆ 30 ಗ್ರಾಂವರೆಗಿನ ಪ್ಯಾಕಿಗೆ ಈ ಪಟ್ಟಿಯೇ ಕಡ್ಡಾಯವಲ್ಲ. ಸ್ಯಾಶೆ ಕೊಳ್ಳುವ ಬಡವರಿಗೇ ಏನು ಹಚ್ಚುತ್ತಿದ್ದೇವೆ ಎಂದು ತಿಳಿಯದ ಹಾಗಾಗಿದೆ. ಇದು ನಿಜಕ್ಕೂ ಅನ್ಯಾಯ.

ಬಿಡಿಯಾಗಿ ಮಾರುವ ಸೀಗೆಪುಡಿಗೆ ವಾಷಿಂಗ್ ಸೋಡಾ ಬೆರೆಸುವುದೂ ಉಂಟು. ಒಂದು ಚಮಚ ಪುಡಿಯನ್ನು ಅರ್ಧ ಲೋಟ ನೀರಿಗೆ ಕಲಸಿ, ಚಿಟಿಕೆ ಅರಿಶಿನ ಹಾಕಿ. ಸೀಗೆ ಹುಳಿ ಗುಣದ್ದು, ಅರಿಶಿನದ ಬಣ್ಣ ಬದಲಾಗದು. ಕೆಂಪಗಾದರೆ ಕ್ಷಾರ ಇದೆ ಎಂದರ್ಥ. ಅಂಥದ್ದು ಕೂದಲನ್ನು ತೆಂಗಿನ ನಾರು ಮಾಡುತ್ತದೆ. ಗುಡ್ಡೆಯಂತೆ ಬಿಳಿನೊರೆ ಬಂದರೂ ಅನುಮಾನಿಸಿ. ಸೀಗೆಯ ನೊರೆ ಕಡಿಮೆ, ಅಂಟುವಾಳ ಸೇರಿಸಿದ್ದರೆ ತುಸು ಹೆಚ್ಚು.

ಎಲ್ಲಕ್ಕಿಂತ ಅಪಾಯ ‘ನೈಸರ್ಗಿಕ ಕಪ್ಪು ಮೆಹಂದಿ’. ಮೆಹಂದಿ ಸೊಪ್ಪು ಕೇಸರಿ-ಕೆಂಪು ಬಣ್ಣ ಕೊಡುತ್ತದೆ, ಕಪ್ಪನ್ನು ಎಂದೂ ಕೊಡದು. ಅರ್ಧ ಗಂಟೆಯಲ್ಲಿ ಕಪ್ಪಾದರೆ ಅದರಲ್ಲಿ ಪ್ಯಾರಾ-ಫಿನೈಲೀನ್‌ಡಯಮಿನ್ ಎಂಬ ರಾಸಾಯನಿಕ ಬಣ್ಣ ಇರುವ ಸಂಭವವೇ ಹೆಚ್ಚು. ಕೆಲವರಿಗೆ ಇದರಿಂದ ನೆತ್ತಿ ಸುಟ್ಟಂತಾಗಿ ಗುಳ್ಳೆ ಏಳುತ್ತವೆ, ಕಣ್ಣು ರೆಪ್ಪೆ ಬಾತುಕೊಳ್ಳುತ್ತವೆ. ಹಿಂದೆ ಹಚ್ಚಿ ಏನೂ ಆಗದವರಿಗೂ ಮುಂದೊಮ್ಮೆ ಆಗಬಹುದು. ಕಲಸಿದ್ದನ್ನು ಕಿವಿಯ ಹಿಂದೆ ಹಚ್ಚಿ 24 ಗಂಟೆ ಕಾಯದೆ ತಲೆಗೆ ಮುಟ್ಟಿಸಬೇಡಿ.

ಇನ್ನು ‘ವನವಾಸಿಗಳು ಸಂಗ್ರಹಿಸಿದ್ದು’ ಎಂಬ ಮಾತು. ಸೀಗೆ ಮುಳ್ಳಿನ ಬಳ್ಳಿ, ದೊಡ್ಡ ಮರದ ತಲೆಯವರೆಗೂ ಹಬ್ಬುತ್ತದೆ. ದೋಟಿ ಹಿಡಿದು ಗೊಂಚಲು ಗೊಂಚಲಾಗಿ ಕೊಯ್ಯಲು ದಿನಗಟ್ಟಲೆ ಬೇಕು. ಕಿಲೋಕ್ಕೆ ಕೊಡುವ ದುಡ್ಡು ಆ ದಿನಗೂಲಿಗೂ ಸಾಲದಾದಾಗ ಬಳ್ಳಿಯ ಬುಡಕ್ಕೇ ಕತ್ತಿ ಬೀಳುತ್ತದೆ, ಮರುವರ್ಷ ಅಲ್ಲಿ ಕಾಯಿ ಇಲ್ಲ. ಕಿರು ಅರಣ್ಯ ಉತ್ಪನ್ನ ಸಂಗ್ರಹಿಸಿ ಮಾರುವ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆ ಕಾಡುವಾಸಿಗಳಿಗೆ ಕೊಟ್ಟಿದೆ. ಯಲ್ಲಾಪುರ, ಜೋಯಿಡಾದ ಸಿದ್ದಿ, ಕುಣಬಿ ಹೆಂಗಸರ ಚಿತ್ರ ಲೇಬಲಿಗೆ ಹಾಕುವವರನ್ನು ಮೂರು ಮಾತು ಕೇಳಿ: ಯಾವ ತಾಲೂಕಿನ ಕಾಯಿ, ಯಾರಿಂದ ಕೊಂಡಿರಿ, ಕಿಲೋಕ್ಕೆ ಎಷ್ಟು ಕೊಟ್ಟಿರಿ? ‘ಸಪ್ಲೈಯರ್‌ಗೆ ಗೊತ್ತು’ ಎಂಬ ಉತ್ತರ ಬಂದರೆ ಆ ಚಿತ್ರಕ್ಕೆ ಬೆಲೆ ಕೊಡಬೇಡಿ.

ಮೋಸಹೋಗಿದ್ದರೆ ಬಾಟ್ಲಿ ಎಸೆಯಬೇಡಿ. ತಯಾರಕರ ಹೆಸರು-ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ ಕಾಣುವಂತೆ ಫೋಟೊ ತೆಗೆದಿಡಿ. ಇವುಗಳಲ್ಲಿ ಯಾವುದಾದರೂ ಇಲ್ಲದಿದ್ದರೆ ಅದೇ ಒಂದು ದೂರು. ಬಿಲ್ ಜೋಡಿಸಿ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಕಾರವಾರದಲ್ಲೇ ಇದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ.